ಸೈಕಲ್ ರೇಸಿನಲ್ಲಿ ಗೆಲ್ಲೋದು ಒಬ್ಬ, ಗಾಳಿಗೆ ಎದೆ ಕೊಡೋದು ಇಡೀ ತಂಡ

ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ

 

ನಾನು ಸೈಕಲ್ ರೇಸ್ ಮಾಡ್ತೀನಿ ಅಂದ ತಕ್ಷಣ ಜನ ಕೇಳೋ ಮೊದಲ ಪ್ರಶ್ನೆ, "ಗೆದ್ರಾ?" ಎರಡನೇದು, "ಜೋರಾಗಿ ತುಳಿದ್ರೆ ಆಯ್ತಲ್ಲ, ಅದರಲ್ಲಿ ಏನಿದೆ?" ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಹಾಗಾಗಿ ಇವತ್ತು ರೋಡ್ ರೇಸ್ ಅಂದ್ರೇನು, ಕ್ರೈಟೀರಿಯಂ ಅಂದ್ರೇನು, ಅದರಲ್ಲಿ ತಂಡ ಯಾಕೆ ಬೇಕು ಅನ್ನೋದನ್ನ ನಮ್ಮ ತಂಡದ ಅನುಭವ ಇಟ್ಕೊಂಡೇ ಹೇಳ್ತೀನಿ.

ನಮ್ಮದು ಬೆಂಗಳೂರಿನ ಸಣ್ಣ ಹವ್ಯಾಸಿ ತಂಡ. ಆರು ಜನ. ನಾನೂ ಸೇರಿ ಮೂವರು ಸಾಫ್ಟ್‌ವೇರ್ ಕೆಲಸದವರು, ಒಬ್ಬರು ಬ್ಯಾಂಕಿನವರು, ಒಬ್ಬರು ಪಿಯು ಕಾಲೇಜಿನ ಮೇಷ್ಟ್ರು. ಆರನೆಯವನು ಬಾಗಲಕೋಟೆ ಕಡೆಯ ಹುಡುಗ. ಸೈಕ್ಲಿಂಗ್ ಹಾಸ್ಟೆಲಿನಲ್ಲಿ ಬೆಳೆದವನು, ಈಗ ಇಲ್ಲಿ ಸೈಕಲ್ ಅಂಗಡಿಯೊಂದರಲ್ಲಿ ಮೆಕ್ಯಾನಿಕ್. ನಮಗೆಲ್ಲ ಇದು ಭಾನುವಾರದ ಹುಚ್ಚು. ಅವನಿಗೆ ಹಾಗಲ್ಲ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲು ಗಾಳಿ ಲೆಕ್ಕ

ಸಮತಟ್ಟು ರಸ್ತೆಯಲ್ಲಿ ಸೈಕಲ್ ತುಳಿಯುವವನ ದೊಡ್ಡ ಎದುರಾಳಿ ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತೆ, ಅದನ್ನ ಸೀಳೋಕೆ ಬೇಕಾದ ಶಕ್ತಿ ಎಂಟು ಪಟ್ಟಾಗುತ್ತೆ. ಗಂಟೆಗೆ 30 ಕಿ.ಮೀ. ಇದ್ದಿದ್ದು 40 ಆಗಲಿ ಅಂದ್ರೆ, ಗಾಳಿಗೆ ಸುರಿಯೋ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚಾಗುತ್ತೆ. ಹಾಗಾಗಿ ಜಿಮ್‌ನಲ್ಲಿ ತೊಡೆ ಬೆಳೆಸಿದವನೂ ಒಬ್ಬನೇ ಹೋದ್ರೆ ಒಂದು ಹಂತದಲ್ಲಿ ಗೋಡೆಗೆ ಡಿಕ್ಕಿ ಹೊಡೆದ ಹಾಗೆ ನಿಲ್ತಾನೆ.

ಆದರೆ ಮುಂದೆ ಇನ್ನೊಬ್ಬ ಇದ್ರೆ? ಅವನ ಹಿಂದಿನ ಚಕ್ರಕ್ಕೆ ಒಂದಡಿ, ಎರಡಡಿ ಅಂತರದಲ್ಲಿ ಹೋದ್ರೆ ಅದೇ ವೇಗಕ್ಕೆ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶಕ್ತಿ ಉಳಿಯುತ್ತೆ. ಇದಕ್ಕೆ ಡ್ರಾಫ್ಟಿಂಗ್ ಅಂತಾರೆ. ದೊಡ್ಡ ಗುಂಪು, ಅಂದ್ರೆ ಬಂಚ್ ಒಳಗೆ ಇದ್ರೆ ಉಳಿತಾಯ ಇನ್ನೂ ಜಾಸ್ತಿ.

ನಮ್ಮ ಬಾಗಲಕೋಟೆ ಹುಡುಗ ಮೊದಲ ದಿನವೇ ಇದನ್ನ ಒಂದು ಮಾತಲ್ಲಿ ಹೇಳಿಬಿಟ್ಟ. "ಗಾಳಿ ಯಾವ ಕಡಿಂದ ಬೀಸಾಕತ್ತೈತಿ ನೋಡ್ರಿ ಮೊದಲ. ಆಮ್ಯಾಲ ಪೆಡಲ್ ತುಳೀರಿ ಸರ್ರ."

ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ಅಷ್ಟೊಂದು ಸೈಕ್ಲಿಸ್ಟ್‌ಗಳು ಬರೋದು ಸುಮ್ಮನೆ ಅಲ್ಲ. ಅಲ್ಲಿ ಜಾತ್ರೆಯಲ್ಲೂ ಸೈಕಲ್ ಪಂದ್ಯ ಇಡ್ತಾರೆ, ಸರ್ಕಾರದ ಸೈಕ್ಲಿಂಗ್ ಹಾಸ್ಟೆಲ್‌ಗಳಿವೆ, ಬಯಲುಸೀಮೆಯ ಗಾಳಿಯಂತೂ ಪುಕ್ಕಟೆ ಕೋಚ್.

ರೋಡ್ ರೇಸ್: ತುಳಿಯದೇ ಇರೋದೂ ಒಂದು ಕೆಲಸ

ರೋಡ್ ರೇಸ್ ಅಂದ್ರೆ ಎಲ್ಲರೂ ಒಟ್ಟಿಗೆ ಹೊರಟು, ದೂರದ ದಾರಿ ಮುಗಿಸಿ, ಮೊದಲು ಗೆರೆ ದಾಟಿದವನು ಗೆದ್ದ ಹಾಗೆ. ಬ್ರೆವೆಗೂ ಇದಕ್ಕೂ ವ್ಯತ್ಯಾಸ ಇದೆ. ಬ್ರೆವೆಯಲ್ಲಿ 200 ಕಿ.ಮೀ.ಯನ್ನ ಹದಿಮೂರೂವರೆ ಗಂಟೆಯೊಳಗೆ ಮುಗಿಸಿದ್ರೆ ಆಯ್ತು, ಸ್ಥಾನಮಾನ ಇಲ್ಲ. ರೇಸಿನಲ್ಲಿ ಪಕ್ಕದವನೇ ಲೆಕ್ಕ.

ನಮ್ಮ ಒಂದು ರೇಸ್ ಹೇಳ್ತೀನಿ. 20 ಕಿ.ಮೀ. ಸುತ್ತು, ನಾಲ್ಕು ಸಲ. ಕೊನೆ ದಾರಿ ಸಮತಟ್ಟು. ಅಂದ್ರೆ ಸ್ಪ್ರಿಂಟ್ ಆಗೋದು ಖಚಿತ, ನಮ್ಮಲ್ಲಿ ಸ್ಪ್ರಿಂಟ್ ಇರೋದು ಹುಡುಗನಿಗೆ. ಮೂರನೇ ಸುತ್ತಿನಲ್ಲಿ ಬೇರೆ ತಂಡಗಳ ಮೂವರು ಬಂಚ್ ಬಿಟ್ಟು ಓಡಿದ್ರು. ಇದೇ ಬ್ರೇಕ್‌ಅವೇ. ನಮ್ಮ ಮೇಷ್ಟ್ರು ತಕ್ಷಣ ಅವರ ಹಿಂದೆ ಹಾರಿದ್ರು.

ಈಗ ತಂತ್ರ ನೋಡಿ. ಮುಂದೆ ನಮ್ಮವರೊಬ್ಬರು ಇರೋದ್ರಿಂದ ಹಿಂದೆ ಅಟ್ಟಿಸಿಕೊಂಡು ಹೋಗೋ ಜವಾಬ್ದಾರಿ ನಮ್ಮದಲ್ಲ. ಬೇರೆ ತಂಡದವರು ಬೆವರು ಸುರಿಸಿ ಬಂಚ್ ಎಳೀತಿದ್ರೆ ಹುಡುಗ ಆರಾಮಾಗಿ ನೆರಳಲ್ಲಿ ಕೂತಿದ್ದ. ಮುಂದೆ ಮೇಷ್ಟ್ರು ತಮ್ಮ ಸರದಿ ಎಳೆಯದೆ ಕೊನೆಯಲ್ಲೇ ಅಂಟ್ಕೊಂಡಿದ್ರು. ಆ ಮೂವರು ಬೈದ್ರು, ಕೈ ಬೀಸಿದ್ರು. ಇವರು ಬಾಟಲಿ ತೆಗೆದು ನೀರು ಕುಡಿದ್ರು, ಅಷ್ಟೇ.

ಕೊನೆಗೆ ಆರು ಕಿ.ಮೀ. ಇರುವಾಗ ಬಂಚ್ ಅವರನ್ನ ಹಿಡೀತು. ಅಲ್ಲಿಂದ ಕೆಲಸ ನಮ್ಮ ಇನ್ನುಳಿದವರದ್ದು. ಒಬ್ಬೊಬ್ಬರಾಗಿ ಮುಂದೆ ಬಂದು, ಉಸಿರು ಮುಗಿಯೋ ತನಕ ಎಳೆದು, ಪಕ್ಕಕ್ಕೆ ಸರಿಯೋದು. ಇದು ಲೀಡ್‌ಔಟ್. ನಾನು ಸರಿದಾಗ ಗೆರೆಗೆ ಇನ್ನೂ ಒಂದು ಕಿ.ಮೀ. ಇತ್ತು, ಬಂಚ್ ಪೂರ್ತಿ ನನ್ನ ಪಕ್ಕದಲ್ಲೇ ಹೋಯ್ತು. ಹುಡುಗ ಎರಡನೇ ಸ್ಥಾನ ಬಂದ. ಫಲಿತಾಂಶದ ಪಟ್ಟಿಯಲ್ಲಿ ಮೇಷ್ಟ್ರ ಹೆಸರು 31ನೇದು. ನನ್ನದು ಅದಕ್ಕೂ ಕೆಳಗೆ.

ಹೀಗೆ ಬೇರೆಯವರಿಗಾಗಿ ತುಳಿಯುವವನಿಗೆ ಫ್ರೆಂಚಿನಲ್ಲಿ ಡೊಮೆಸ್ಟೀಕ್ ಅಂತಾರೆ. ಅರ್ಥ ಮನೆಗೆಲಸದಾಳು. ಟೂರ್ ಡಿ ಫ್ರಾನ್ಸ್‌ನಂಥ ರೇಸುಗಳಲ್ಲಿ ಅವರಿಗೆ ಅದೇ ಉದ್ಯೋಗ, ಸಂಬಳ ಇದೆ. ನಮ್ಮಂಥ ಹವ್ಯಾಸಿಗಳು ಕೈಯಿಂದ ಎಂಟ್ರಿ ಫೀಸ್ ಕಟ್ಟಿ ಆ ಕೆಲಸ ಮಾಡ್ತೀವಿ!

ಕ್ರೈಟೀರಿಯಂ: ತಿರುವುಗಳ ಆಟ

ಕ್ರೈಟೀರಿಯಂ, ಬಾಯಿಮಾತಲ್ಲಿ ಕ್ರಿಟ್, ಚಿಕ್ಕ ಸುತ್ತಿನ ರೇಸ್. ಒಂದೋ ಎರಡೋ ಕಿ.ಮೀ. ಉದ್ದದ ಮುಚ್ಚಿದ ರಸ್ತೆ, ಅದರಲ್ಲೇ ಹತ್ತಾರು ಸುತ್ತು. ಎಷ್ಟೋ ಕಡೆ "ಇಷ್ಟು ನಿಮಿಷ, ಆಮೇಲೆ ಇನ್ನು ಕೆಲವು ಸುತ್ತು" ಅಂತ ಇಡ್ತಾರೆ. ಕೊನೇ ಸುತ್ತಿಗೆ ಗಂಟೆ ಹೊಡೀತಾರೆ. ನಡುವೆ ಕೆಲವು ಸುತ್ತಿಗೆ ಪ್ರೀಮ್ ಅಂತ ಬಿಡಿ ಬಹುಮಾನ ಇರುತ್ತೆ. ಮುಂದಿನವರು ಒಂದು ಸುತ್ತು ಹಿಂದೆ ಹಾಕಿದ್ರೆ ಸಾಮಾನ್ಯವಾಗಿ ನಿಮ್ಮನ್ನ ಹೊರಗೆ ಕಳಿಸ್ತಾರೆ.

ನೋಡೋಕೆ ಚಿಕ್ಕದು, ತುಳಿಯೋಕೆ ನರಕ. ಯಾಕೆ ಅಂದ್ರೆ ತಿರುವು. ಒಂದೂವರೆ ಕಿ.ಮೀ. ಸುತ್ತಿಗೆ ಆರು ತಿರುವು ಅಂದುಕೊಳ್ಳಿ. 20 ಸುತ್ತಿಗೆ 120 ತಿರುವು. ಸಿಲ್ಕ್ ಬೋರ್ಡ್ ಸಿಗ್ನಲ್ ಹಸಿರಾದಾಗ ಮೊದಲ ಗಾಡಿ ತಕ್ಷಣ ಹೊರಡುತ್ತೆ, ಐವತ್ತನೇ ಗಾಡಿ ಇನ್ನೂ ನಿಂತೇ ಇರುತ್ತೆ ಅಲ್ವಾ? ಬಂಚ್‌ನಲ್ಲೂ ಅದೇ ಕಥೆ. ಮುಂದಿರುವವನು 40ರಿಂದ 35ಕ್ಕೆ ಇಳಿದು ತಿರುಗಿಸಿ ಹೋಗ್ತಾನೆ. ಹಿಂದಿರುವವನು 25ಕ್ಕೆ ಬ್ರೇಕ್ ಹಾಕಿ, ಆಮೇಲೆ ಮತ್ತೆ 40ಕ್ಕೆ ಓಡಬೇಕು.

ಸೈಕಲ್ ಸೇರಿ 80 ಕೆ.ಜಿ. ತೂಕ ಅಂತ ಇಟ್ಕೊಂಡ್ರೆ, ಐದು ಸೆಕೆಂಡಲ್ಲಿ 25ರಿಂದ 40ಕ್ಕೆ ಹೋಗೋಕೆ, ಗಾಳಿಯ ಖರ್ಚು ಬಿಟ್ಟು, ಸರಾಸರಿ 600 ವ್ಯಾಟ್ ಬೇಕು. ಮನೆಯ ಮಿಕ್ಸಿ ಓಡಿಸೋವಷ್ಟು. ಮುಂದಿರುವವನು 35ರಿಂದ 40ಕ್ಕೆ ಹೋಗೋಕೆ ಸುಮಾರು 230 ವ್ಯಾಟ್ ಸಾಕು. ಇಂಥದ್ದು 120 ಸಲ. ಹಾಗಾಗಿ ರೋಡ್ ರೇಸಿನಲ್ಲಿ ಹಿಂದೆ ಅಡಗಿದವನು ಜಾಣ, ಕ್ರಿಟ್‌ನಲ್ಲಿ ಹಿಂದೆ ಉಳಿದವನು ಸತ್ತ. ಮೊದಲ ಹತ್ತು ಜನರೊಳಗೆ ಜಾಗ ಹಿಡಿಯೋದೇ ಅರ್ಧ ರೇಸ್.

ತಿರುವಿಗೂ ವಿದ್ಯೆ ಇದೆ. ಬ್ರೇಕ್ ತಿರುವಿಗೆ ಮೊದಲೇ ಮುಗಿಸಬೇಕು, ಒಳಗೆ ಹೋದ ಮೇಲೆ ಹಿಡಿಯಬಾರದು. ಹೊರಗಿನ ಪೆಡಲ್ ಕೆಳಗೆ, ಒಳಗಿನದ್ದು ಮೇಲೆ, ಇಲ್ಲಾಂದ್ರೆ ವಾಲಿದಾಗ ಪೆಡಲ್ ನೆಲಕ್ಕೆ ತಾಗುತ್ತೆ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವಿನಾಚೆ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಗೆರೆ ಬಿಡಬೇಡಿ. ದಿಢೀರ್ ಅಂತ ಪಕ್ಕಕ್ಕೆ ಸರಿದವನಿಂದ ಹತ್ತು ಜನ ಬೀಳ್ತಾರೆ.

ಬೀಳೋದರ ಬಗ್ಗೆ

ಇದನ್ನ ಮುಚ್ಚಿಡಲ್ಲ. ಬೆಂಗಳೂರಿನಾಚೆ ಒಂದು ನಗರದಲ್ಲಿ ನಡೆದ ಕ್ರಿಟ್‌ನಲ್ಲಿ ಬ್ಯಾರಿಕೇಡ್ ಸಂದಿಯಿಂದ ಸ್ಕೂಟರೊಂದು ರೇಸ್ ದಾರಿಗೇ ಬಂತು. ತಪ್ಪಿಸೋಕೆ ಹೋಗಿ ನಮ್ಮ ಬ್ಯಾಂಕಿನವರು ಬಿದ್ರು. ಕೊರಳೆಲುಬು ಮುರೀತು, ತಿಂಗಳುಗಟ್ಟಲೆ ಸೈಕಲ್ ಮುಟ್ಟಲಿಲ್ಲ. ಅವರ ಮನೆಯವರು ನಮ್ಮ ಜೊತೆ ಮಾತಾಡೋಕೆ ಅದಕ್ಕಿಂತ ಜಾಸ್ತಿ ದಿನ ಹಿಡೀತು.

ಅಂದಿನಿಂದ ತಂಡಕ್ಕೆ ಒಂದು ನಿಯಮ. ಹಿಂದಿನ ಸಂಜೆಯೇ ಸುತ್ತನ್ನ ನಡೆದು ನೋಡ್ತೀವಿ. ಬೆಳಿಗ್ಗೆ ಪ್ರತಿ ಅಡ್ಡರಸ್ತೆಗೂ ಜನ ನಿಂತಿದ್ದಾರಾ, ಆ್ಯಂಬುಲೆನ್ಸ್ ಬಂದಿದೆಯಾ ಅಂತ ಕೇಳ್ತೀವಿ. ಉತ್ತರ ಸರಿ ಇಲ್ಲಾಂದ್ರೆ ದುಡ್ಡು ಹೋದ್ರೂ ಪರವಾಗಿಲ್ಲ, ವಾಪಸ್. ಹೆಲ್ಮೆಟ್ ವಿಷಯದಲ್ಲಂತೂ ಚರ್ಚೆಯೇ ಬೇಡ. 2003ರಲ್ಲಿ ಪ್ಯಾರಿಸ್–ನೀಸ್ ರೇಸಿನಲ್ಲಿ ಆಂದ್ರೆಯ್ ಕಿವಿಲೆವ್ ಬಿದ್ದು ತೀರಿಕೊಂಡ ಮೇಲೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ಅದನ್ನ ಕಡ್ಡಾಯ ಮಾಡಿತು.

ಯಾರಿಗಾಗಿ ತುಳಿಯೋದು?

ಈಗ ಹುಡುಗನ ವಿಷಯ. ರೈಲ್ವೆ, ಸೇನೆ ಇಂಥ ಕಡೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಗಬೇಕಾದ್ರೆ ರಾಷ್ಟ್ರಮಟ್ಟದ ಸಾಧನೆ ಬೇಕು. ನಮ್ಮ ವೀಕೆಂಡ್ ರೇಸಿನ ಪದಕಕ್ಕೆ ಅಲ್ಲಿ ಬೆಲೆ ಇಲ್ಲ. ಆದರೆ ರಾಜ್ಯ ತಂಡದ ಆಯ್ಕೆಗೆ ಹೋಗೋ ಮೊದಲು ಕಾಲು ಹದವಾಗಿರಬೇಕು, ಅದಕ್ಕೆ ರೇಸ್ ಬೇಕು. ಟೈರಿಗೆ, ಬಸ್ ಚಾರ್ಜಿಗೆ ಬಹುಮಾನದ ದುಡ್ಡೂ ಬೇಕು. ಹಾಗಾಗಿ ಒಂದು ಸೀಸನ್ ಪೂರ್ತಿ ನಾವೆಲ್ಲ ಅವನಿಗೇ ತುಳಿದ್ವಿ.

ಆ 31ನೇ ಸ್ಥಾನದ ದಿನ ಮೇಷ್ಟ್ರ ಮಗಳು ಮೊಬೈಲಲ್ಲಿ ಪಟ್ಟಿ ನೋಡಿ, "ಅಪ್ಪಾ, ಇಷ್ಟು ದಿನ ನಾಲ್ಕು ಗಂಟೆಗೆ ಎದ್ದಿದ್ದು ಇದಕ್ಕಾ?" ಅಂದಳಂತೆ. ಎರಡು ವಾರ ಅವರು ಪ್ರಾಕ್ಟೀಸಿಗೆ ಬರಲಿಲ್ಲ. ಮೂರನೇ ವಾರ ಬಂದು ನೇರವಾಗಿ ಹೇಳಿದ್ರು, "ನನಗೆ ಐವತ್ತು ಹತ್ತಿರ ಆಯ್ತು ಕಣ್ರಯ್ಯ. ನನಗೂ ಒಂದು ರೇಸ್ ಬೇಕು."

ಯಾರೂ ಮಾತಾಡಲಿಲ್ಲ. ಹುಡುಗನೇ ಬಾಯಿ ಬಿಟ್ಟ. "ಸರ್ರ, ನಂದಿ ಬೆಟ್ಟದ ರೇಸ್ ನಿಮ್ದು. ಬೆಟ್ಟದ ಬುಡದ ತನಕ ಗಾಳಿ ನಂಗ ಬಿಡ್ರಿ."

ಹಾಗೇ ಮಾಡಿದ. ಬುಡದ ತನಕ ಮೇಷ್ಟ್ರ ಮುಖಕ್ಕೆ ಗಾಳಿ ತಾಗದ ಹಾಗೆ ಎಳೆದ. ಏರು ಶುರುವಾದ ಮೇಲೆ ಗಾಳಿಗಿಂತ ತೂಕ ಮುಖ್ಯ ಆಗುತ್ತೆ. ಮೇಷ್ಟ್ರು ಹಗುರ, ಹುಡುಗ ದಪ್ಪ ತೊಡೆಯ ಸ್ಪ್ರಿಂಟರ್. ಎರಡು ಕಿ.ಮೀ. ಒಳಗೆ ಅವನು ಹಿಂದೆ ಬಿದ್ದ, ಇವರು ಹೋದ್ರು. ತಮ್ಮ ವಯಸ್ಸಿನ ವಿಭಾಗದಲ್ಲಿ ನಾಲ್ಕನೇ ಸ್ಥಾನ. ಪದಕ ಇಲ್ಲ. ಆದರೂ ಆ ಪಟ್ಟಿಯ ಸ್ಕ್ರೀನ್‌ಶಾಟ್ ಮಗಳಿಗೆ ಕಳಿಸೋ ತನಕ ಅವರು ಸೈಕಲ್ಲಿಂದ ಇಳಿಯಲೇ ಇಲ್ಲ.

ಈಗ ನಮ್ಮ ಪದ್ಧತಿ ಹೀಗಿದೆ. ಲೀಡರ್ ಯಾರು ಅಂತ ದಾರಿ ನೋಡಿ, ರೇಸಿಗೆ ಮೊದಲೇ ತೀರ್ಮಾನ ಮಾಡ್ತೀವಿ. ಬಹುಮಾನ ಆರು ಪಾಲು. ನಾವು ಐವರು ನಮ್ಮ ಪಾಲಲ್ಲಿ ಏನು ಮಾಡ್ತೀವಿ ಅನ್ನೋದು ನಮ್ಮಿಷ್ಟ, ಹುಡುಗನಿಗೆ ಟೈರ್ ಕೊಡಿಸೋದೂ ಅದರಲ್ಲಿ ಬರುತ್ತೆ. ಅವನ ಆಯ್ಕೆ ಇನ್ನೂ ಆಗಿಲ್ಲ. ಪ್ರಯತ್ನ ನಡೀತಿದೆ.

ನೀವು ಶುರು ಮಾಡೋದಾದ್ರೆ

ದುಬಾರಿ ಸೈಕಲ್ ಮೊದಲ ದಿನವೇ ಬೇಡ. ಯುಸಿಐ ನಿಯಮದ ಪ್ರಕಾರ ರೇಸ್ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರಬಾರದು. ನಿಮ್ಮದು ಹತ್ತು ಕೆ.ಜಿ. ಇದ್ರೂ ಸಮತಟ್ಟು ರಸ್ತೆಯಲ್ಲಿ ದೊಡ್ಡ ನಷ್ಟ ಇಲ್ಲ. ಒಳ್ಳೆ ಟೈರ್, ಸರಿ ಇರೋ ಬ್ರೇಕ್, ನಿಮ್ಮ ಅಳತೆಯ ಫ್ರೇಮ್ ಸಾಕು.

ಮೊದಲು ಗುಂಪಲ್ಲಿ ತುಳಿಯೋದು ಕಲೀರಿ. ಮುಂದಿನವನ ಹಿಂದಿನ ಚಕ್ರದ ಪಕ್ಕಕ್ಕೆ ನಿಮ್ಮ ಮುಂದಿನ ಚಕ್ರ ತೂರಿಸಬೇಡಿ. ತಾಗಿದ್ರೆ ಬೀಳೋದು ನೀವು. ಗುಂಡಿ ಕಂಡ್ರೆ ಕೈ ತೋರಿಸಿ, ಕೂಗಿ ಹೇಳಿ.

ಒಂದೂವರೆ ಗಂಟೆ ಮೀರಿದ ರೇಸಿಗೆ ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಎರಡು ಬಾಳೆಹಣ್ಣು, ಒಂದು ತುಂಡು ಕಡಲೆ ಮಿಠಾಯಿ ಅಂದ್ರೆ ಹೆಚ್ಚುಕಮ್ಮಿ ಆಯ್ತು. ಹಸಿವಾದ ಮೇಲೆ ತಿಂದ್ರೆ ತಡ ಆಗಿರುತ್ತೆ.

ಕೊನೇದಾಗಿ, ಯಾರಾದ್ರೂ ರೇಸಿಗೆ ಹೋಗಿ ಬಂದ್ರೆ "ಎಷ್ಟನೇ ಸ್ಥಾನ?" ಅಂತ ಮಾತ್ರ ಕೇಳಬೇಡಿ. "ಇವತ್ತು ಗಾಳಿಗೆ ಯಾರಿದ್ರು?" ಅಂತಲೂ ಕೇಳಿ. ನಿಜವಾದ ರೇಸ್ ಆ ಉತ್ತರದಲ್ಲಿ ಸಿಗುತ್ತೆ.

ನಿಮ್ಮೂರಲ್ಲೂ ಸೈಕಲ್ ಪಂದ್ಯ ನಡೆಯುತ್ತಾ? ಜಾತ್ರೆಯದ್ದಾದರೂ ಸರಿ, ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ರಸ್ತೆಯಲ್ಲಿ ಹುಷಾರು.