ಹಬ್ಬದ ರಾತ್ರಿ ಉಕ್ಕಿದ ನಕ್ಷತ್ರ

2013ರ ಆಗಸ್ಟ್ 16, ವರಮಹಾಲಕ್ಷ್ಮಿ ಹಬ್ಬ. ಒಬ್ಬಟ್ಟಿನೂಟ ಮುಗಿಸಿ, ಬೈನಾಕ್ಯುಲರ್ ಹಿಡಿದು ತಾರಸಿ ಹತ್ತಿದೆ. ದಶಮಿಯ ಚಂದ್ರನ ಬೆಳಕು, ನಡುನಡುವೆ ಶ್ರಾವಣದ ಮೋಡ. ಪೂರ್ವಕ್ಕೆ ಮುಖ ಮಾಡಿ ಶ್ರವಣ ನಕ್ಷತ್ರದಿಂದ ಎಡಕ್ಕೆ ಜರುಗಿದರೆ ಧನಿಷ್ಠೆಯ ಪುಟ್ಟ ಗುಂಪು. ಅದರಾಚೆ, ವಾರದ ಹಿಂದೆ ಖಾಲಿಯಿದ್ದ ಜಾಗದಲ್ಲಿ ಒಂದು ಚುಕ್ಕಿ! ಎರಡು ದಿನದ ಹಿಂದಷ್ಟೇ ಜಪಾನಿನ ಖಗೋಳ ವೀಕ್ಷಕ ಕೊಯಿಚಿ ಇಟಗಾಕಿ ಅದನ್ನು ಪತ್ತೆಹಚ್ಚಿದ್ದರು.

ಅದೊಂದು ನೋವಾ. ನೋವಾ ಅಂದರೆ ಹೊಸದು. ಆದರೆ ಹುಟ್ಟಿದ್ದು ಹೊಸ ನಕ್ಷತ್ರವಲ್ಲ. ಇದು ಮುದಿ ನಕ್ಷತ್ರದ ರಂಪ. ಶ್ವೇತಕುಬ್ಜವೆಂಬ ಈ ಮುದಿ ನಕ್ಷತ್ರ ಪಕ್ಕದ ಜೊತೆಗಾರ ನಕ್ಷತ್ರದಿಂದ ಹೈಡ್ರೋಜನ್ ಎಳೆದು ಮೈಮೇಲೆ ಹೊದ್ದುಕೊಳ್ಳುತ್ತಲೇ ಇರುತ್ತದೆ. ಪದರ ದಪ್ಪವಾದಂತೆ ತಳದಲ್ಲಿ ಒತ್ತಡ, ಕಾವು ಏರುತ್ತವೆ. ಒಲೆಯ ಮೇಲಿನ ಹಾಲಿನಂತೆ ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಲೇ ಉಕ್ಕು. ಬೈಜಿಕ ಸಮ್ಮಿಳನ ಹತೋಟಿ ತಪ್ಪಿ ಪದರವೇ ಸಿಡಿದು ಹೊರಕ್ಕೆ ಹಾರುತ್ತದೆ. ಈ ನಕ್ಷತ್ರದ ಹೊಳಪು ಲಕ್ಷ ಪಟ್ಟಿಗೂ ಮೀರಿ ಏರಿತ್ತು. ಪಾತ್ರೆ ಮಾತ್ರ ಒಡೆಯುವುದಿಲ್ಲ, ಶ್ವೇತಕುಬ್ಜ ಉಳಿದುಕೊಳ್ಳುತ್ತದೆ.

ನಾನು ಮಾಡಿದ್ದು ಸರಳ ಕೆಲಸ. ಅಕ್ಕಪಕ್ಕದ ನಕ್ಷತ್ರಗಳೊಂದಿಗೆ ಹೋಲಿಸಿ, ಹೊಳಪೆಷ್ಟೆಂದು ಅಂದಾಜಿಸಿ ನೋಟ್‌ಬುಕ್ಕಿನಲ್ಲಿ ಬರೆಯುವುದು. ಕೆಲವು ರಾತ್ರಿಗಳ ಎದುರು ‘ಮೋಡ’ ಎಂದಷ್ಟೇ ಇದೆ. ಉಳಿದ ಸಾಲುಗಳಲ್ಲಿ ಹೊಳಪು ಇಳಿಯುತ್ತಲೇ ಹೋಗಿದೆ. ಚುಕ್ಕಿ ಸಾಯುತ್ತಿದೆ ಅಂದುಕೊಂಡಿದ್ದೆ.

ಮರುವರ್ಷ ‘ನೇಚರ್’ ಪತ್ರಿಕೆಯಲ್ಲಿ ಇದೇ ನೋವಾ ಕುರಿತು ಖಗೋಳ ವಿಜ್ಞಾನಿ ಗೇಲ್ ಶೇಫರ್ ತಂಡದ ವರದಿ ಬಂತು. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ನಲ್ಲಿರುವ ‘ಚಾರಾ’ದ ಆರು ದೂರದರ್ಶಕಗಳ ಬೆಳಕನ್ನು ಒಂದುಗೂಡಿಸಿದರೆ ಸುಮಾರು 330 ಮೀಟರ್ ಅಗಲದ ಕಣ್ಣಿನಷ್ಟು ಸೂಕ್ಷ್ಮವಾಗಿ ಅಳೆಯಬಹುದು. ಪತ್ತೆಯಾಗಿ ಒಂದು ದಿನ ಕಳೆಯುವುದರೊಳಗೇ ಅವರು ಈ ದೂರದರ್ಶಕಗಳನ್ನು ನೋವಾದತ್ತ ತಿರುಗಿಸಿದ್ದರು. ಸಿಡಿದ ಅನಿಲದ ಬೆಂಕಿಚೆಂಡು ಆಗಲೇ ಭೂಕಕ್ಷೆಯಷ್ಟು ದೊಡ್ಡದಾಗಿತ್ತು. ಪೂರ್ತಿ ದುಂಡಗಿರದೆ ತುಸು ಉದ್ದುದ್ದವಾಗಿತ್ತು. 43ನೇ ದಿನಕ್ಕೆ ಸುಮಾರು 20 ಪಟ್ಟು ಹಿಗ್ಗಿತ್ತು. ವೇಗ ಸೆಕೆಂಡಿಗೆ 600 ಕಿಲೋಮೀಟರಿಗೂ ಹೆಚ್ಚು: ಬೆಂಗಳೂರಿನಿಂದ ನೆಟ್ಟಗೆ ಹಾರಿದರೆ ಒಂದೇ ಸೆಕೆಂಡಿಗೆ ಬೀದರ್ ದಾಟುವಷ್ಟು! ಹಿಗ್ಗಿದ ಲೆಕ್ಕದಿಂದಲೇ ದೂರವನ್ನೂ ಅಂದಾಜಿಸಿದರು: ಸುಮಾರು 14,800 ಜ್ಯೋತಿರ್ವರ್ಷ.

ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ನನ್ನ ಪುಟದಲ್ಲಿ ದಿನದಿನಕ್ಕೂ ಮಂಕಾದ ಚುಕ್ಕಿ, ಅವರ ಲೆಕ್ಕದಲ್ಲಿ ದಿನದಿನಕ್ಕೂ ದೊಡ್ಡದಾಗುತ್ತಿತ್ತು. ಅನಿಲ ಹರಡಿ ತೆಳುವಾದಂತೆ ಕಣ್ಣಿಗೆ ಕಾಣುವ ಬೆಳಕು ತಗ್ಗಿತ್ತು, ಅಷ್ಟೇ. ‘ಮೋಡ’ ಎಂದು ಬರೆದ ರಾತ್ರಿಗಳಲ್ಲೂ ಅದು ಹಿಗ್ಗುತ್ತಲೇ ಇತ್ತು.