ಬಾಗಿಲ ನಂಬರು ತಪ್ಪಿದಾಗ

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಕಂಪ್ಯೂಟರಿನ ಕೆಲಸವನ್ನು ಮನೆಗೇ ಹೊತ್ತು ತರುವ ಮಕ್ಕಳು ಈಗ ಅನೇಕರಿದ್ದಾರೆ. “ಸರ್ವರು ತಪ್ಪು ಪೋರ್ಟ್ ತೋರಿಸ್ತಿದೆ” ಎಂದು ಅವರು ತಲೆಯ ಮೇಲೆ ಕೈಹೊತ್ತು ಕುಳಿತರೆ ಹಿರಿಯರಿಗೆ ಒಂದೂ ಅರ್ಥವಾಗುವುದಿಲ್ಲ. ಹೋಟೆಲ್ ಉದ್ಯಮದಲ್ಲಿ ಬಾಳು ಸವೆಸಿದ ಅಜ್ಜಂದಿರಿಗೆ ಸರ್ವರು ಎಂದರೆ ಇಡ್ಲಿ ತಂದಿಡುವ ಹುಡುಗ. ಪೋರ್ಟ್ ಎಂದರೆ ಬಂದರು. ಆ ಹುಡುಗ ಬಂದರಿಗೇಕೆ ಹೋದನೆಂದು ಅವರು ಕೇಳಿದರೆ ತಪ್ಪೇನು? ನಗೆಯ ಮಾತು ಹಾಗಿರಲಿ. ಈ ಸಣ್ಣ ತೊಡಕಿನಲ್ಲಿ ಇಡೀ ದಿನದ ದುಡಿಮೆ ವ್ಯರ್ಥವಾಗುವುದುಂಟು. ಆದುದರಿಂದ ಹಿರಿಯರಿಗೆ ತಿಳಿಯುವಂತೆಯೂ ಕಿರಿಯರಿಗೆ ಉಪಯೋಗವಾಗುವಂತೆಯೂ ನಾವು ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪೋರ್ಟ್ ಎಂದರೆ ಬಾಗಿಲು ಎಂದು ತಿಳಿದರೆ ಸಾಕು. ಒಂದು ಕಂಪ್ಯೂಟರಿನೊಳಗೆ ಹಲವು ಪ್ರೋಗ್ರಾಮುಗಳು ಏಕಕಾಲಕ್ಕೆ ಕೆಲಸ ಮಾಡುತ್ತಿರುತ್ತವೆ. ಹೊರಗಿನಿಂದ ಬಂದ ಕರೆ ಅವುಗಳಲ್ಲಿ ಯಾವುದಕ್ಕೆ ಸೇರಬೇಕೆಂಬುದನ್ನು ಬಾಗಿಲಿನ ನಂಬರು ಹೇಳುತ್ತದೆ. ಈ ನಂಬರುಗಳು 0ಯಿಂದ 65535ರವರೆಗೆ ಇವೆ. ಜಾಲತಾಣಗಳಿಗೆ 80, ಗುಪ್ತಲಿಪಿಯ ರಕ್ಷಣೆಯುಳ್ಳ ತಾಣಗಳಿಗೆ 443 ಎಂದು ವಾಡಿಕೆ. ಅಮೆರಿಕದ ಜಾನ್ ಪಾಸ್ಟೆಲ್ ಎಂಬ ವಿದ್ವಾಂಸರು 1998ರಲ್ಲಿ ತೀರಿಕೊಳ್ಳುವವರೆಗೂ ಇಂಥ ನಂಬರುಗಳ ಪಟ್ಟಿಯನ್ನು ಬಹುಕಾಲ ಕಾಪಾಡಿಕೊಂಡು ಬಂದರು. ಆದರೆ ಪಟ್ಟಿ ಇದೆಯೆಂದ ಮಾತ್ರಕ್ಕೆ ಬಾಗಿಲಲ್ಲಿ ಪೊಲೀಸರಿಲ್ಲ. ಯಾವ ಪ್ರೋಗ್ರಾಮು ಮೊದಲು ಬಂದು ಕುಳಿತಿತೋ ಬಾಗಿಲು ಅದರದು.

ತೊಂದರೆ ಇಲ್ಲಿಂದಲೇ ಮೊದಲು. ಇನ್ನೂ ತಯಾರಿಯಲ್ಲಿರುವ ತಾಣವನ್ನು ತಮ್ಮ ಕಂಪ್ಯೂಟರಿನಲ್ಲೇ ನಡೆಸಿ ನೋಡುವಾಗ ನಮ್ಮ ತರುಣರು 3000, 5000, 8080 ಮುಂತಾದ ನಂಬರುಗಳನ್ನು ಬಳಸುತ್ತಾರೆ. ಫ್ಲಾಸ್ಕ್ ಎಂಬ ಸಾಧನ ತಾನಾಗಿ ಆರಿಸುವ ಬಾಗಿಲು 5000. 2021ರಲ್ಲಿ ಆ್ಯಪಲ್ ಸಂಸ್ಥೆಯ ಮಾಂಟೆರೆ ಎಂಬ ಮ್ಯಾಕ್ ಆವೃತ್ತಿ ಬಂದಾಗ ‘ಏರ್‌ಪ್ಲೇ ರಿಸೀವರ್’ ಎಂಬ ಸೌಲಭ್ಯ ಅದೇ 5000ದಲ್ಲಿ ಕುಳಿತಿತು. ತರುಣರು ತಮ್ಮ ತಾಣವನ್ನು ಕರೆದರೆ ‘403, ಪ್ರವೇಶವಿಲ್ಲ’ ಎಂಬ ಉತ್ತರ! ತಮ್ಮ ಪ್ರೋಗ್ರಾಮನ್ನು ಎಷ್ಟು ತಿದ್ದಿದರೇನು, ಉತ್ತರ ಕೊಡುತ್ತಿದ್ದವನೇ ಬೇರೆ. ಆ ಸೌಲಭ್ಯವನ್ನು ನಿಲ್ಲಿಸುವುದು, ಇಲ್ಲವೆ ಬೇರೆ ನಂಬರು ಹಿಡಿಯುವುದು, ಇವೆರಡೇ ದಾರಿ.

ಇನ್ನು ಕೆಲವು ಸಾಧನಗಳು ಅತಿ ಸೌಜನ್ಯದವು. ವೀಟ್ ಎಂಬುದರ ಬಾಗಿಲು 5173. ಅಲ್ಲಿ ಯಾರಾದರೂ ಇದ್ದರೆ ಅದು ಜಗಳವಾಡದೆ 5174ಕ್ಕೆ ಸರಿದು ಕೂರುತ್ತದೆ. ನಿನ್ನೆ ನಿಲ್ಲಿಸಲು ಮರೆತ ಹಳೆಯ ತಾಣ 5173ರಲ್ಲೇ ಇರುತ್ತದೆ. ತಿದ್ದುವುದು ಹೊಸದನ್ನು, ನೋಡುವುದು ಹಳೆಯದನ್ನು! ಹೊರಡುವಾಗ ಅದು ತೆರೆಯ ಮೇಲೆ ಬರೆಯುವ ಸಾಲನ್ನು ಓದಿದ್ದರೆ ಸಾಕಿತ್ತು. ಈ ಸರಿದುಕೊಳ್ಳುವ ಗುಣ ಬೇಡವೆಂದರೆ ‘ಸ್ಟ್ರಿಕ್ಟ್‌ಪೋರ್ಟ್’ ಎಂದು ಕಟ್ಟುಮಾಡಬಹುದು. ಆಗ ಬಾಗಿಲು ಸಿಗದಿದ್ದರೆ ಅದು ನಿಂತುಬಿಡುತ್ತದೆ, ಮೋಸವಾಗುವುದಿಲ್ಲ.

ಆದರೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಮೂರನೆಯ ಬಗೆ. ಮುಂಬಯಿಯ ದೊಡ್ಡ ಸೊಸೈಟಿಗಳಲ್ಲಿ ಗೇಟಿನ ವಾಚ್‌ಮನ್ ಬಂದವರನ್ನು ನಿಲ್ಲಿಸಿ ಇಂಟರ್‌ಕಾಮಿನಲ್ಲಿ ಮನೆಗೆ ಕರೆಮಾಡುತ್ತಾನಷ್ಟೆ. ಆ ನಂಬರು ಕಟ್ಟಡದ ಒಳಗೆ ಮಾತ್ರ ನಡೆಯುವಂಥದು. ಫೋನ್ ನಂಬರಿನ ಬದಲು ಅದನ್ನೇ ನೆಂಟರಿಗೆ ಕೊಟ್ಟರೆ ಹುಬ್ಬಳ್ಳಿಯಿಂದ ಕರೆ ಬಂದೀತೆ? ಸರ್ವರು ಮಾಡುವ ತಪ್ಪು ಇದೇ. ಡಾಕರ್ ಎಂಬ ಸಾಧನದಲ್ಲಿ ಪ್ರೋಗ್ರಾಮನ್ನು ಕಂಟೇನರ್ ಎಂಬ ಪ್ರತ್ಯೇಕ ಕೋಣೆಯಲ್ಲಿ ಕೂರಿಸುತ್ತಾರೆ. ‘8080:80’ ಎಂದು ಬರೆದರೆ ಹೊರಬಾಗಿಲು 8080, ಒಳಬಾಗಿಲು 80. ಒಳಗಿರುವ ಪ್ರೋಗ್ರಾಮಿಗೆ 8080ರ ಸುದ್ದಿಯೇ ಗೊತ್ತಿಲ್ಲ. ಲಾಗಿನ್ ಆದವರನ್ನು ಮುಂದಿನ ಪುಟಕ್ಕೆ ಕಳಿಸುವಾಗ ಅದು ತನ್ನ ಬಾಗಿಲನ್ನೇ ನೋಡಿ ವಿಳಾಸ ಬರೆದರೆ, ಬ್ರೌಸರು 80ನೆಯ ಬಾಗಿಲಿಗೆ ಹೋಗಿ ತಟ್ಟುತ್ತದೆ. ಅಲ್ಲಿ ಯಾರೂ ಇಲ್ಲ.

ಹಾಗಾದರೆ ಹೊರಗಿನ ನಂಬರು ತಿಳಿಯುವ ಬಗೆ ಹೇಗೆ? ಬ್ರೌಸರು ತಾನು ಯಾವ ವಿಳಾಸಕ್ಕೆ ಬಂದೆನೆಂಬುದನ್ನು ‘ಹೋಸ್ಟ್’ ಎಂಬ ಚೀಟಿಯಲ್ಲಿ ಬರೆದು ತರುತ್ತದೆ. ನಡುವೆ ಪ್ರಾಕ್ಸಿ ಎಂಬ ಕಾವಲುಗಾರನಿದ್ದರೆ ಅವನು ‘ಎಕ್ಸ್-ಫಾರ್ವರ್ಡೆಡ್-ಪೋರ್ಟ್’ ಎಂಬ ಮತ್ತೊಂದು ಚೀಟಿಯನ್ನು ಸೇರಿಸಬಹುದು. ಕಾವಲುಗಾರ ಚೀಟಿಯನ್ನು ಅರ್ಧ ಹರಿದು ಕೊಟ್ಟರೂ ಕೆಲಸ ಕೆಡುತ್ತದೆ. ಎಂಜಿನ್‌ಎಕ್ಸ್‌ನಲ್ಲಿ ‘ಹೋಸ್ಟ್’ ಎಂಬ ಹೆಸರಿನ ಮೌಲ್ಯದಲ್ಲಿ ಪೋರ್ಟ್ ಇರುವುದಿಲ್ಲ. ‘ಎಚ್‌ಟಿಟಿಪಿ_ಹೋಸ್ಟ್’ ಎಂಬುದರಲ್ಲಿ ಬ್ರೌಸರು ಬರೆದದ್ದು ಹಾಗೆಯೇ ಇರುತ್ತದೆ. ಒಂದು ಪದದ ವ್ಯತ್ಯಾಸ, ಒಂದು ದಿನದ ಪರದಾಟ.

ಎಲ್ಲ ಚೀಟಿಗಳನ್ನೂ ನಂಬಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಅಪಾಯವಿರುವುದು ಅಲ್ಲೇ. ಚೀಟಿಯನ್ನು ಯಾರು ಬೇಕಾದರೂ ಬರೆಯಬಹುದು. ಪಾಸ್‌ವರ್ಡ್ ಮರೆತವರಿಗೆ ಕಳಿಸುವ ಮಿಂಚಂಚೆಯ ಕೊಂಡಿಯನ್ನು ಸರ್ವರು ಈ ಚೀಟಿ ನೋಡಿ ಬರೆಯುವುದಾದರೆ, ಠಕ್ಕನು ತನ್ನ ವಿಳಾಸವನ್ನು ಅದರಲ್ಲಿ ತುಂಬಬಲ್ಲನು. ಅದನ್ನು ಒತ್ತಿದವರ ಖಾತೆ ಅವನ ಪಾಲು. ಆದುದರಿಂದಲೇ ಜ್ಯಾಂಗೋ ಎಂಬ ಸಾಧನ ಕಾವಲುಗಾರನ ಪೋರ್ಟ್ ಚೀಟಿಯನ್ನು ತಾನಾಗಿ ನಂಬುವುದಿಲ್ಲ. ನಂಬೆಂದು ನಾವು ಹೇಳಬೇಕು. ಎಕ್ಸ್‌ಪ್ರೆಸ್‌ನಲ್ಲಿಯೂ ‘ಟ್ರಸ್ಟ್ ಪ್ರಾಕ್ಸಿ’ ಎಂಬ ಅಪ್ಪಣೆ ಬೇಕು. ಕೆಲಸ ಬೇಗ ಮುಗಿಯಲೆಂದು ಆ ಅಪ್ಪಣೆಯನ್ನು ಕಣ್ಣುಮುಚ್ಚಿ ಕೊಡುವುದು ತರವಲ್ಲ. ಮನೆಯ ಕಂಪ್ಯೂಟರಿನಲ್ಲಿ ಮಾಡಿದ ರೂಢಿಯೇ ನಾಳೆ ಸಾವಿರಾರು ಜನ ಬಳಸುವ ತಾಣಕ್ಕೂ ಹೋಗುತ್ತದೆ.

ಕಿರಿಯರು ಹುಡುಕಬೇಕಾದ ಕ್ರಮ ಹೀಗಿದೆ. ಮೊದಲು ಬಾಗಿಲಲ್ಲಿ ಕುಳಿತವರು ಯಾರೆಂದು ನೋಡಬೇಕು. ಮ್ಯಾಕ್ ಮತ್ತು ಲಿನಕ್ಸ್‌ಗಳಲ್ಲಿ ‘ಎಲ್‌ಎಸ್‌ಓಎಫ್’, ವಿಂಡೋಸಿನಲ್ಲಿ ‘ನೆಟ್‌ಸ್ಟ್ಯಾಟ್’ ಎಂಬ ಆಜ್ಞೆ ಅದನ್ನು ತಿಳಿಸುತ್ತದೆ. ಎರಡನೆಯದಾಗಿ, ‘ಲೋಕಲ್‌ಹೋಸ್ಟ್’ ಎಂಬ ಹೆಸರಿಗೆ 127.0.0.1 ಎಂಬ ಹಳೆಯ ವಿಳಾಸವೂ ‘::1’ ಎಂಬ ಹೊಸ ವಿಳಾಸವೂ ಇವೆ. 2021ರಲ್ಲಿ ಬಂದ ನೋಡ್ 17ರಿಂದೀಚೆಗೆ ಹೊಸದು ಮೊದಲು ಸಿಗಬಹುದು. ನಂಬರು ಸರಿಯಿದ್ದೂ ಬಾಗಿಲು ಸಿಗದಿದ್ದರೆ ಇದನ್ನು ಸಂಶಯಿಸಬೇಕು. ಮೂರನೆಯದಾಗಿ, ಒಳ ನಂಬರು, ಹೊರ ನಂಬರು ಎರಡನ್ನೂ ಕಾಗದದ ಮೇಲೆ ಬರೆದುಕೊಂಡು, ಸರ್ವರಿಗೆ ಬಂದ ಚೀಟಿಯಲ್ಲಿ ಏನಿದೆಯೆಂದು ಅಚ್ಚುಮಾಡಿಸಿ ನೋಡಬೇಕು. ನಾಲ್ಕನೆಯದಾಗಿ, ‘301’ ಎಂಬ ಶಾಶ್ವತ ಮರುನಿರ್ದೇಶನವನ್ನು ಬ್ರೌಸರು ನೆನಪಿಟ್ಟುಕೊಳ್ಳುತ್ತದೆ. ತಪ್ಪನ್ನು ತಿದ್ದಿದ ಮೇಲೂ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಖಾಸಗಿ ಕಿಟಕಿಯಲ್ಲಿ ತೆರೆದು ಪರೀಕ್ಷಿಸುವುದು ಮೇಲು.

ಇಷ್ಟಾದ ಮೇಲೆ ಒಂದು ಕೆಲಸ ಉಳಿಯುತ್ತದೆ. ಹೊರಗಿನವರು ಬಳಸಬೇಕಾದ ಪೂರ್ಣ ವಿಳಾಸವನ್ನು, ಪೋರ್ಟ್ ಸಮೇತ, ವ್ಯವಸ್ಥೆಯ ಕಡತದಲ್ಲಿ ಒಂದೇ ಕಡೆ ಬರೆದಿಡಬೇಕು. ಉಳಿದ ಎಲ್ಲ ಭಾಗಗಳೂ ಅದನ್ನೇ ಓದಬೇಕು. ಊಹಿಸುವ ಭಾರವನ್ನು ಸರ್ವರಿನ ಮೇಲೆ ಹಾಕುವುದಕ್ಕಿಂತ ತಿಳಿದವರು ಒಮ್ಮೆ ಬರೆದುಕೊಡುವುದು ಲೇಸು.