ಬಟ್ಟೆಯ ರೆಕ್ಕೆಗೆ ಬಣ್ಣದ ಕವಚ

ಕಳಲೆಯ ರೈತನೊಬ್ಬನನ್ನು ಕಣ್ಣು ಕಟ್ಟಿ, ವಿಮಾನದ ಬಟ್ಟೆಗೆ ಲೇಪ ಹಚ್ಚುವ ಕೊಠಡಿಯೊಳಕ್ಕೆ ಕರೆತಂದರೆ, “ಇಲ್ಲೆಲ್ಲೋ ಬಾಳೆಗೊನೆ ಹಣ್ಣಾಗಿದೆ” ಎಂದು ಆತನು ನುಡಿದರೆ ಆಶ್ಚರ್ಯಪಡಬೇಕಾಗಿಲ್ಲ. ನಂಜನಗೂಡು ಸೀಮೆಯ ರಸಬಾಳೆಯನ್ನು ಬಲ್ಲ ಮೂಗು ಅದು. ಬಾಳೆಹಣ್ಣಿನ ಪರಿಮಳಕ್ಕೆ ಎಸ್ಟರುಗಳೆಂಬ ರಾಸಾಯನಿಕ ವಸ್ತುಗಳು ಕಾರಣ. ಅದೇ ವಂಶಕ್ಕೆ ಸೇರಿದ ಅಮೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್ ಮೊದಲಾದ ದ್ರವಗಳು ವಿಮಾನದ ಲೇಪದಲ್ಲಿ ದ್ರಾವಕಗಳಾಗಿ ಬಳಕೆಯಾಗುತ್ತವೆ. ಈ ಲೇಪಕ್ಕೆ ‘ಡೋಪ್’ ಎಂದು ಹೆಸರು.

ಲೋಹದ ಹಕ್ಕಿಯೆಂದು ನಾವು ಕರೆಯುವ ವಿಮಾನಕ್ಕೆ ಬಟ್ಟೆಯೇ ಎಂದು ಓದುಗರು ಕೇಳಬಹುದು. 1903ರಲ್ಲಿ ರೈಟ್ ಸಹೋದರರು ಹಾರಿಸಿದ ಯಂತ್ರದ ರೆಕ್ಕೆಗಳಿಗೆ ಹೊದಿಸಿದ್ದುದು ಹತ್ತಿಯ ಬಟ್ಟೆಯನ್ನೇ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1958ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿದ ‘ಪುಷ್ಪಕ’ವು ಬಟ್ಟೆ ಹೊದ್ದ ವಿಮಾನವೇ. ಇಬ್ಬರು ಕೂರಬಹುದಾದ ಈ ಪುಟ್ಟ ವಿಮಾನಗಳು 150ರ ಆಸುಪಾಸಿನಲ್ಲಿ ತಯಾರಾಗಿ, ದೇಶದ ಹಾರಾಟದ ಕ್ಲಬ್ಬುಗಳಲ್ಲಿ ಎಷ್ಟೋ ತರುಣರಿಗೆ ಹಾರುವುದನ್ನು ಕಲಿಸಿದವು.

ವಿಮಾನಕ್ಕೆ ಬಳಸುವ ಬಟ್ಟೆ ಸಾಮಾನ್ಯವಾದುದಲ್ಲ. ‘ಎ’ ದರ್ಜೆಯ ಹತ್ತಿಬಟ್ಟೆಯಲ್ಲಿ ಅಂಗುಲಕ್ಕೆ ಹಾಸಿನಲ್ಲೂ ಹೊಕ್ಕಿನಲ್ಲೂ 80ಕ್ಕೆ ಕಡಮೆಯಿಲ್ಲದಷ್ಟು ಎಳೆಗಳಿರಬೇಕು. ಒಂದು ಅಂಗುಲ ಅಗಲದ ಪಟ್ಟಿಯು 80 ಪೌಂಡುಗಳ ಎಳೆತವನ್ನು ತಾಳಬೇಕು. ಆದರೂ ಬರಿಯ ಬಟ್ಟೆಯಿಂದ ಪ್ರಯೋಜನವಿಲ್ಲ. ಅದು ಗಾಳಿಯನ್ನು ಸೋರಗೊಡುತ್ತದೆ, ನೀರನ್ನು ಹೀರುತ್ತದೆ, ಜೋಲು ಬೀಳುತ್ತದೆ. ಡೋಪಿನ ಅವಶ್ಯಕತೆ ಇಲ್ಲಿಯೇ.

ಹತ್ತಿಯ ನಾರಿನ ಮೇಲೆ ನೈಟ್ರಿಕ್ ಆಮ್ಲದ ಕ್ರಿಯೆ ನಡೆಸಿದಾಗ ದೊರೆಯುವ ನೈಟ್ರೋಸೆಲ್ಯುಲೋಸನ್ನು ದ್ರಾವಕಗಳಲ್ಲಿ ಕರಗಿಸಿದರೆ ಡೋಪ್ ಸಿದ್ಧವಾಗುತ್ತದೆ. ಎಂದರೆ, ಬಟ್ಟೆಯೂ ಹತ್ತಿ, ಅದರ ಕವಚವೂ ಹತ್ತಿಯೇ! ದ್ರಾವಕವು ಆವಿಯಾದಂತೆ ಉಳಿದ ಪೊರೆಯು ಕುಗ್ಗಿ, ಬಟ್ಟೆಯನ್ನು ಬಿಗಿಯುತ್ತದೆ. ಬೆಂಕಿಗೆ ಹಿಡಿದ ತಮಟೆಯಂತೆ, ಬಿಗಿದ ರೆಕ್ಕೆಯನ್ನು ಬೆರಳಿನಿಂದ ತಟ್ಟಿದರೆ ನಾದ ಹೊಮ್ಮುತ್ತದೆ.

ಮೊದಲ ಲೇಪವನ್ನು ಕುಂಚದಿಂದ ಎಳೆಗಳ ನಡುವೆ ಇಳಿಯುವಂತೆ ಹಚ್ಚಬೇಕು; ಹಿಡಿತವೆಲ್ಲ ಅದರದೇ. ಆಮೇಲೆ ಮೇಣ ಹಚ್ಚಿದ ದಾರದಿಂದ ಬಟ್ಟೆಯನ್ನು ರೆಕ್ಕೆಯ ಪಕ್ಕೆಲುಬುಗಳಿಗೆ ಹೊಲಿದು, ಹೊಲಿಗೆಯ ಮೇಲೆ ಪಟ್ಟಿಗಳನ್ನು ಅಂಟಿಸುತ್ತಾರೆ. ಬಳಿಕ ಇನ್ನೂ ಕೆಲವು ಪಾರದರ್ಶಕ ಲೇಪಗಳು, ಅವುಗಳ ಮೇಲೆ ಅಲ್ಯೂಮಿನಿಯಂ ಪುಡಿ ಬೆರೆಸಿದ ಲೇಪ, ಕಟ್ಟಕಡೆಗೆ ಬಣ್ಣ. ಅಲ್ಯೂಮಿನಿಯಂ ಅಂದಕ್ಕಾಗಿ ಅಲ್ಲ. ಸೂರ್ಯನ ನೇರಳಾತೀತ ಕಿರಣಗಳು ಹತ್ತಿಯ ಬಲವನ್ನು ಕುಂದಿಸುತ್ತವೆ. ಲೋಹದ ಸೂಕ್ಷ್ಮ ಹಾಳೆಗಳು ಅವನ್ನು ತಡೆಯುತ್ತವೆ. ರೆಕ್ಕೆಯ ಒಳಗೆ ದೀಪ ಹಿಡಿದು ಹೊರಗಿನಿಂದ ನೋಡಿದಾಗ ಬೆಳಕು ಕಂಡರೆ ಆ ಕವಚವು ಸಾಲದೆಂದೇ ಅರ್ಥ.

ಮಳೆಗಾಲವು ಈ ಕೆಲಸಕ್ಕೆ ವೈರಿ. ದ್ರಾವಕವು ಬೇಗನೆ ಆವಿಯಾಗುವಾಗ ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ. ತಣ್ಣಗಾದ ಮೈಮೇಲೆ ಗಾಳಿಯ ತೇವವು ಹನಿಗಟ್ಟಿ, ನೈಟ್ರೋಸೆಲ್ಯುಲೋಸ್ ಒಡೆದ ಹಾಲಿನಂತೆ ಬೇರ್ಪಡುತ್ತದೆ, ಲೇಪವು ಬಿಳುಚಿಕೊಳ್ಳುತ್ತದೆ. ಇದು ಕೇವಲ ನೋಟದ ದೋಷವಲ್ಲ. ಅಂಥ ಪೊರೆಗೆ ಬಲವೇ ಇಲ್ಲ. ನಿಧಾನವಾಗಿ ಆರುವ ದ್ರಾವಕವನ್ನು ಬೆರೆಸುವುದುಂಟು. ಒಣಹವೆಗಾಗಿ ಕಾಯುವುದು ಇನ್ನೂ ಲೇಸು.

ವರ್ಷಗಳು ಉರುಳಿದಂತೆ ಡೋಪ್ ಪೆಡಸಾಗಿ ಬಿರುಕು ಬಿಡುತ್ತದೆ. ಹಳೆಯ ಪೊರೆಯನ್ನು ಮೆತ್ತಗೆ ಮಾಡಿ, ಅದಕ್ಕೆ ಮತ್ತೆ ಬಾಗುವ ಗುಣವನ್ನು ಕೊಡುವ ದ್ರವಗಳಿವೆ. ಆದರೆ ಅವು ಪೊರೆಗೆ ಮಾತ್ರ ಯೌವನವನ್ನು ಕೊಡಬಲ್ಲವು, ಬಟ್ಟೆಗಲ್ಲ. ಆದುದರಿಂದ ಬಣ್ಣಕ್ಕೆ ಕೈಹಚ್ಚುವ ಮೊದಲು ಬಟ್ಟೆಯ ಬಲವನ್ನು ಅಳೆಯಲೇಬೇಕು. ‘ಎ’ ದರ್ಜೆಯ ಬಟ್ಟೆ ಬೇಕೆಂದು ನಿಗದಿಯಾದ ವಿಮಾನದಲ್ಲಿ, ಅಮೆರಿಕದ ನಿಯಮದ ಮೇರೆಗೆ, ಬಲವು ಅಂಗುಲಕ್ಕೆ 56 ಪೌಂಡುಗಳಿಗಿಂತ ಕೆಳಗಿಳಿದರೆ ಬಟ್ಟೆಯನ್ನು ಕಿತ್ತು ಹೊಸದನ್ನು ಹೊದಿಸಬೇಕು. ಬಲಗುಂದಿದ ಬಟ್ಟೆಯ ಮೇಲೆ ಹೊಸ ಬಣ್ಣ ಹಚ್ಚುವುದು ಗೆದ್ದಲು ತಿಂದ ತೊಲೆಗೆ ಸುಣ್ಣ ಬಳಿದಂತೆ.

ಬಣ್ಣಕ್ಕೆ ತೂಕವೂ ಉಂಟೆಂಬುದನ್ನು ಮರೆಯಬಾರದು. ಚುಕ್ಕಾಣಿ ಮೊದಲಾದ ಚಲಿಸುವ ಭಾಗಗಳ ಮೇಲೆ ಲೇಪದ ಮೇಲೆ ಲೇಪ ಕೂಡಿದರೆ ಅವುಗಳ ಸಮತೋಲ ಕೆಡುತ್ತದೆ. ವೇಗದಲ್ಲಿ ಅವು ಪಟಪಟನೆ ಅದುರತೊಡಗಿದರೆ ವಿಮಾನವೇ ಮುರಿದು ಬೀಳಬಹುದು. ಆದುದರಿಂದ ಬಣ್ಣದ ಅನಂತರ ಸಮತೋಲವನ್ನು ಮತ್ತೆ ಪರೀಕ್ಷಿಸುವುದು ಕಡ್ಡಾಯ.

ಕೆಲಸಗಾರನ ಪ್ರಾಣವೂ ಇಲ್ಲಿ ಪಣಕ್ಕೊಡ್ಡಲ್ಪಟ್ಟಿದೆ. ನೈಟ್ರೋಸೆಲ್ಯುಲೋಸ್ ಬಂದೂಕಿನ ಮದ್ದಿನ ಬಂಧು. ಒಣಗಿದ ಮೈಯನ್ನು ಉಜ್ಜುವಾಗ ಹುಟ್ಟುವ ವಿದ್ಯುತ್ತಿನ ಒಂದು ಕಿಡಿಯೂ ಅನಾಹುತಕ್ಕೆ ಸಾಕು. ಅದಕ್ಕಾಗಿಯೇ ವಿಮಾನದ ಚೌಕಟ್ಟನ್ನು ತಂತಿಯಿಂದ ಭೂಮಿಗೆ ಜೋಡಿಸುತ್ತಾರೆ. ಮೊದಲನೆಯ ಮಹಾಯುದ್ಧದ ಆರಂಭದಲ್ಲಿ ಬ್ರಿಟನ್ನಿನ ಕಾರ್ಖಾನೆಗಳು ಡೋಪಿನಲ್ಲಿ ಟೆಟ್ರಾಕ್ಲೋರೋಈಥೇನನ್ನು ಬಳಸುತ್ತಿದ್ದವು. ಅದರ ಆವಿಯಿಂದ ಯಕೃತ್ತು ಕೆಟ್ಟು, ಕಾಮಾಲೆಯಿಂದ ನರಳಿ ಕೆಲವು ಕೆಲಸಗಾರರು ಮೃತರಾದ ಮೇಲೆ ಆ ದ್ರಾವಕವನ್ನು ಕೈಬಿಡಲಾಯಿತು. ಇಂದಿನ ದ್ರಾವಕಗಳೂ ನಿರಪಾಯಕಾರಿಗಳಲ್ಲ. ಗಾಳಿಯ ಸಂಚಾರ, ಮುಖವಾಡ, ಕೈಗವಸುಗಳಿಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಬಾಳೆಯ ಪರಿಮಳವೆಂದು ಮೋಸಹೋಗಬಾರದು.

ಇತ್ತೀಚಿನ ದಶಕಗಳಲ್ಲಿ ಹತ್ತಿಯ ಸ್ಥಾನವನ್ನು ಪಾಲಿಯೆಸ್ಟರ್ ಆಕ್ರಮಿಸಿದೆ. ಅದನ್ನು ಬಿಗಿಯಲು ಡೋಪ್ ಬೇಕಿಲ್ಲ; ಹದವಾಗಿ ಕಾಯಿಸಿದ ಇಸ್ತ್ರಿಪೆಟ್ಟಿಗೆ ಸಾಕು. ಆದರೆ ಬಿಸಿಲಿನ ಹೊಡೆತವು ಅದನ್ನೂ ಬಿಟ್ಟಿಲ್ಲವಾದುದರಿಂದ ಕಿರಣಗಳನ್ನು ತಡೆಯುವ ಲೇಪವು ಇಂದಿಗೂ ಅನಿವಾರ್ಯ.

ಮೈಸೂರಿನಿಂದ ನಂಜನಗೂಡಿಗೆ ಬರುವ ದಾರಿಯಲ್ಲಿ ಮಂಡಕಳ್ಳಿಯ ವಿಮಾನ ನಿಲ್ದಾಣವಿದೆ. ಅಲ್ಲಿಯಾಗಲಿ ಬೇರೆಡೆಯಾಗಲಿ ಹಗುರವಾದ ವಿಮಾನವೊಂದು ಬಿಸಿಲಲ್ಲಿ ಹೊಳೆಯುತ್ತಾ ಹಾರುವುದನ್ನು ಕಂಡಾಗ ನಾವು ಬಣ್ಣವನ್ನು ಮೆಚ್ಚುತ್ತೇವೆ. ಬಲ್ಲವನಾದರೋ, ಬಣ್ಣದ ಕೆಳಗೆ ಬಟ್ಟೆ ಹೇಗಿದೆ ಎಂದು ಕೇಳುತ್ತಾನೆ. ಹಾರುವವನ ಪ್ರಾಣವು ಆ ಪ್ರಶ್ನೆಯ ಉತ್ತರದಲ್ಲಿದೆ.